ಸೀರೆಗೆ ಬಿಲ್ಟಿ ಉಂಟು, ಉಳ್ಳಾಗಡ್ಡಿಗೆ ಯಾಕಿಲ್ಲ?

ಉಳ್ಳಾಗಡ್ಡಿ ದರದ ಬಗ್ಗೆ ಪೇಪರಿನವರು ಬರೀತಾರೆ, ಮಂತ್ರಿಗಳು ಮಾತಾಡ್ತಾರೆ, ನಾವೂ ಕಟ್ಟೆ ಮೇಲೆ ಕೂತು ತಾಸುಗಟ್ಟಲೆ ಮಾತಾಡ್ತೇವೆ. ಆದರೆ ನಮ್ಮ ಹೊಲಕ್ಕೂ ಆ ದರ ಸಿಗುವ ಪೇಟೆಗೂ ನಡುವೆ ಒಂದು ದಾರಿ ಇದೆಯಲ್ಲ, ಅದರ ಬಗ್ಗೆ ಮಾತಾಡುವವರು ಕಡಿಮೆ. ಹುನಗುಂದದಿಂದ ಬೆಂಗಳೂರಿಗೆ ಹೆಚ್ಚು ಕಡಿಮೆ 450 ಕಿಲೋಮೀಟರ್. ಅಷ್ಟು ದೂರದಲ್ಲಿ ಲಾರಿ ಹೂತರೆ, ಟೈರು ಒಡೆದರೆ, ಮಳೆ ಬಂದರೆ, ಸವಾಲಿನ ಹೊತ್ತು ತಪ್ಪಿದರೆ ಅದರ ಖರ್ಚು ಯಾರದು? ಈಗ ನಡೆದಿರುವ ಪದ್ಧತಿಯಲ್ಲಿ ಪೂರಾ ಖರ್ಚು ಮಾಲಿನ ಮಾಲಕನದು. ಇದು ದೇವರು ಬರೆದದ್ದಲ್ಲ, ರೂಢಿಯಿಂದ ಬಂದದ್ದು. ಇದನ್ನು ಬದಲು ಮಾಡಬಹುದು ಎಂಬುದು ನನ್ನ ವಾದ.

ಗದಗ ಜಿಲ್ಲೆಯ ರೈತರೊಬ್ಬರ ಪಟ್ಟಿ 2022 ರ ನವೆಂಬರಿನಲ್ಲಿ ಎಲ್ಲಾ ಪತ್ರಿಕೆಗಳಲ್ಲಿ ಬಂದಿತ್ತು, ನೆನಪಿರಬಹುದು. ಸುಮಾರು 415 ಕಿಲೋಮೀಟರ್ ದೂರದ ಯಶವಂತಪುರ ಮಾರುಕಟ್ಟೆಗೆ ಅವರು ತಂದದ್ದು 205 ಕಿಲೋ ಉಳ್ಳಾಗಡ್ಡಿ. ದರ ಕ್ವಿಂಟಲಿಗೆ 200 ರೂಪಾಯಿ, ಅಂದರೆ 410 ರೂಪಾಯಿ ಮಾಲು. ಹಮಾಲಿ 24, ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಎಲ್ಲರೂ ಆ ಎಂಟು ರೂಪಾಯಿ ನೋಡಿ ಅಯ್ಯೋ ಅಂದರು. ನಾನು ನೋಡಿದ್ದು ಮೇಲಿನ 377 ನ್ನು. ನೂರು ರೂಪಾಯಿ ಮಾಲಿನಲ್ಲಿ 92 ರೂಪಾಯಿ ದಾರಿಯೇ ತಿಂದಿತ್ತು. ಲಾರಿಗೆ ದೊಡ್ಡ ಗಡ್ಡೆ, ಸಣ್ಣ ಗಡ್ಡೆ ಎಂಬ ಭೇದ ಇಲ್ಲ. ಕಿಲೋಗೆ ಹತ್ತು ರೂಪಾಯಿಯ ಮಾಲಿಗೂ ಎರಡು ರೂಪಾಯಿಯ ಮಾಲಿಗೂ ಬಾಡಿಗೆ ಒಂದೇ.

ಅದೇ ಹಂಗಾಮಿನಲ್ಲಿ, ಅಕ್ಟೋಬರ್ ಕೊನೆಗೆ, ನಮ್ಮದೂ ಒಂದು ಲೋಡು ಹೋಗಿತ್ತು. ಅದರ ಕಥೆ ಹೇಳಿದರೆ ನನ್ನ ವಾದ ಎಲ್ಲಿಂದ ಬಂತು ಅನ್ನುವುದು ನಿಮಗೆ ಗೊತ್ತಾಗುತ್ತದೆ.

ಮೂರು ಮನೆಯ ಮಾಲು ಕೂಡಿ ಒಂದು ಆರು ಗಾಲಿ ಲಾರಿ. ಬಾದಾಮಿ ತಾಲೂಕಿನ ನಮ್ಮ ಬೀಗರದು 60 ಚೀಲ, ಹುನಗುಂದ ಸೀಮೆಯ ನನ್ನದು 70, ಇಳಕಲ್ಲ ಹತ್ತಿರದ ಗೆಳೆಯರದು 50. ಲಾರಿ ಬಾಗಲಕೋಟೆಯ ಒಂದು ಬುಕಿಂಗ್ ಆಫೀಸಿನಿಂದ ಗೊತ್ತು ಮಾಡಿದ್ದು, ಚೀಲಕ್ಕೆ 95 ರೂಪಾಯಿ. ಗುರುವಾರ ಮುಂಜಾನೆ ಹನ್ನೊಂದಕ್ಕೆ ಬೀಗರ ಹೊಲಕ್ಕೆ ಬಂದು, ಮೂರೂ ಕಡೆ ತುಂಬಿ, ರಾತ್ರಿ ಓಡಿ ಶುಕ್ರವಾರದ ಸವಾಲಿಗೆ ಮುಟ್ಟುವುದು ಎಂದು ಮಾತು. ಮಾಲು ಎಂಟು ದಿನ ಹೊಲದಲ್ಲಿ ಒಣಗಿಸಿ, ದಂಟು ಎರಡು ಬೆರಳು ಬಿಟ್ಟು ಕೊಯ್ದು, ಆರಿಸಿ ತುಂಬಿದ್ದು.

ಹನ್ನೆರಡಕ್ಕೆ ಫೋನು ಮಾಡಿದೆ. "ಬಾಗಲಕೋಟಿ ಬಿಟ್ಟೀನಿ ಕಾಕಾ, ಈಗ ಬಂದಬಿಟ್ಟೆ" ಅಂದ ಡ್ರೈವರ್. ಮೂರಕ್ಕೆ ಮಾಡಿದೆ. "ಶಿರೂರ ಹತ್ರ ಪಂಕ್ಚರ್ ಆಗೇತ್ರಿ." ಲಾರಿಯವರ 'ಈಗ' ಎಷ್ಟು ಉದ್ದ ಇರುತ್ತದೆ ಅಂತ ಬಲ್ಲವರು ಬಲ್ಲರು. ಬೀಗರ ಹೊಲಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಆರು ಗಂಟೆಗೆ ಮಳೆ ಹಿಡೀತು. ಯರಿ ಹೊಲದ ದಾರಿ. ಅರವತ್ತು ಚೀಲ ಏರಿಸಿದ ಮೇಲೆ ಹಿಂದಿನ ಗಾಲಿ ಅಚ್ಚಿನ ತನಕ ಹೂತು ಕೂತುಬಿಟ್ಟಿತು. ಟ್ರ್ಯಾಕ್ಟರ್ ಹಚ್ಚಿ ಎಳೆಸಿದ್ದಕ್ಕೆ 1,500 ರೂಪಾಯಿ. ಕೊಟ್ಟವರು ಬೀಗರು.

ಇತ್ತ ನಮ್ಮಲ್ಲಿ ಮಧ್ಯಾಹ್ನ ಹೋಗಬೇಕಿದ್ದ 70 ಚೀಲ ಡಾಂಬರು ರಸ್ತೆ ಬದಿಗೆ ಒಟ್ಟಿ ಇಟ್ಟದ್ದು. ಲಾರಿಗೆ ಅಂತ ತಂದದ್ದನ್ನು ರಾತ್ರಿ ಮಳೆಯಲ್ಲಿ ಮತ್ತೆ ಮನೆಗೆ ಹೊರಲು ಆಳು ಎಲ್ಲಿಂದ? ಇದ್ದ ತಾಡಪತ್ರಿ, ಮನೆಯ ಜಮಖಾನೆ ಎಲ್ಲಾ ಹೊಚ್ಚಿದೆವು. ಆದರೂ ಕೆಳಗಿನ ಸಾಲು, ಗಾಳಿ ಮಗ್ಗುಲಿನ ಸಾಲು ತೊಯ್ದವು. ಲಾರಿ ಬಂದದ್ದು ನಸುಕಿನ ಎರಡಕ್ಕೆ. ಹಮಾಲರು ರಾತ್ರಿ ಕೂಲಿ ಬೇರೆ ಅಂದರು. ಅವರದು ಸರಿಯೇ, ಎರಡು ಗಂಟೆಗೆ ಎದ್ದು ಬಂದವರು ಪುಕ್ಕಟೆ ಯಾಕೆ ಏರಿಸಬೇಕು?

ಇಳಕಲ್ಲ ಬಿಟ್ಟಾಗ ಶುಕ್ರವಾರ ಬೆಳಗಿನ ಆರು. ಹೆದ್ದಾರಿ ಚಲೋ ಇದೆ, ಹಗಲು ಓಡಿದರೂ ಸಂಜೆಗೆ ಮುಟ್ಟುತ್ತೇವೆ ಎಂದುಕೊಂಡೆವು. ಕುಷ್ಟಗಿಗೆ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಹಿಂದಿನ ಟೈರು ಬಾಂಬಿನಂಗ ಒಡೀತು. ಸ್ಟೆಪ್ನಿ ಇಳಿಸಿದರೆ ಅದು ನಿನ್ನೆ ಶಿರೂರ ಹತ್ತಿರ ಪಂಕ್ಚರ್ ಆದ ಟೈರು, ಹಂಗೇ ಇದೆ! ಡ್ರೈವರ್ ಮತ್ತೊಂದು ಲಾರಿ ಹತ್ತಿ ಕುಷ್ಟಗಿಗೆ ಹೋದ. ಅವನ ಕಿಸೆಯಲ್ಲಿ ದುಡ್ಡಿಲ್ಲ, ಲಾರಿ ಸಾಹುಕಾರ ಫೋನು ಎತ್ತುತ್ತಿಲ್ಲ. "ಬಾಡಿಗಿಯಾಗ ಮುರಕೋರಿ ಕಾಕಾ" ಅಂತ ನಮ್ಮಿಂದಲೇ 6,000 ಈಸಕೊಂಡು ಹಳೆಯ ಟೈರೊಂದು ತಂದ. ಹಾಕಿ ಹೊರಡುವಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ಬಿದ್ದಿತ್ತು. ಮೇಲೆ ತಾಡಪತ್ರಿ, ಕೆಳಗೆ ತೊಯ್ದ ಚೀಲ. ಕೈ ಹಾಕಿ ನೋಡಿದರೆ ಒಳಗೆ ಅನ್ನದ ಗಡಿಗೆಯಂತೆ ಹಬೆ.

ಟೋಲಿನಲ್ಲಿ ಫಾಸ್ಟ್ಯಾಗ್ ನಡೆಯಲಿಲ್ಲ, ಎರಡು ಪಟ್ಟು ಕೊಡಬೇಕಾಯಿತು. ಹೊಸಪೇಟೆ ದಾಟಿದೆವು. ಚಿತ್ರದುರ್ಗ ಇನ್ನೂ ದೂರ ಇರುವಾಗ ಫ್ಯಾನ್ ಬೆಲ್ಟ್ ಹರಿದು ಇಂಜಿನ್ ಕಾದು ನಿಂತಿತು. ಮೇಸ್ತ್ರಿ ಸಿಕ್ಕು, ಬೆಲ್ಟ್ ಸಿಕ್ಕು, ಮತ್ತೆ ಗಾಡಿ ಚಾಲೂ ಆದಾಗ ರಾತ್ರಿ ಹನ್ನೊಂದು. ಶನಿವಾರ ಬೆಳಿಗ್ಗೆ ಬೆಂಗಳೂರಿನ ಅಂಚಿಗೆ ಬಂದರೆ ದೊಡ್ಡ ಗಾಡಿಗೆ ಆ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ. ಒಳಗೆ ಹೋದಾಗ ಅವತ್ತಿನ ಸವಾಲು ಮುಗಿದಿತ್ತು. ರವಿವಾರ ರಜೆ. ಮಾಲು ಮಾರಾಟವಾದದ್ದು ಸೋಮವಾರ.

ಇನ್ನು ಲೆಕ್ಕ. ಮನೆಯಲ್ಲಿ ತೂಗಿದಾಗ ನನ್ನ 70 ಚೀಲ 36 ಕ್ವಿಂಟಲ್ 40 ಕಿಲೋ. ಪೇಟೆಯಲ್ಲಿ ಕೊಳೆತದ್ದು ಚೆಲ್ಲಿ ತೂಗಿದಾಗ 34 ಕ್ವಿಂಟಲ್ 10 ಕಿಲೋ. ಅದರಲ್ಲಿ ಒಣಗಿದ ಮಾಲು 22 ಕ್ವಿಂಟಲ್, 900 ರಂತೆ ಹೋಯಿತು. ತೊಯ್ದು ಸಿಪ್ಪೆ ಕಪ್ಪಾದ 12 ಕ್ವಿಂಟಲ್ 10 ಕಿಲೋ, 350 ರಂತೆ. ಒಟ್ಟು 24,035 ರೂಪಾಯಿ. ಬಾಡಿಗೆ 6,650, ಹಮಾಲಿ ಮತ್ತು ತೂಕದ ಕೂಲಿ 840 ಕಳೆದು ಕೈಗೆ ಬಂದದ್ದು 16,545. ಶುಕ್ರವಾರ ಅದೇ ಅಂಗಡಿಯಲ್ಲಿ ಒಣಗಿದ ಮಾಲಿಗೆ 1,300 ದರ ಹೋಗಿತ್ತು. ಆ ದರದಲ್ಲಿ ನನ್ನ ಮಾಲು 47,320 ಆಗಬೇಕು.

ದರ ಬಿದ್ದದ್ದಕ್ಕೆ ಲಾರಿಯವನೇನು ಮಾಡ್ಯಾನು ಅಂತ ನೀವು ಕೇಳಬಹುದು. ಒಪ್ಪಿದೆ. ಸೋಮವಾರದ 900 ನ್ನೇ ಹಿಡಿಯೋಣ. ಮಾಲು ತೊಯ್ಯದೆ, ಕೊಳೆಯದೆ ಇದ್ದಿದ್ದರೆ 32,760 ಬರಬೇಕಿತ್ತು. ಬಂದದ್ದಕ್ಕೂ ಅದಕ್ಕೂ ಅಂತರ 8,725 ರೂಪಾಯಿ. ಇದಷ್ಟೂ ತಡವಾದದ್ದರಿಂದಲೇ ಹೋದದ್ದು. ಲಾರಿ ಬಾಡಿಗೆಗಿಂತ ಹೆಚ್ಚು!

ಈ ದಾರಿಯಲ್ಲಿ ಯಾರಿಗೆ ಏನು ಸಿಕ್ಕಿತು ನೋಡಿ. ಟ್ರ್ಯಾಕ್ಟರಿನವನಿಗೆ ರೊಕ್ಕ ಅಲ್ಲೇ ಸಿಕ್ಕಿತು. ಟೈರಿನವನಿಗೆ, ಮೇಸ್ತ್ರಿಗೆ, ಟೋಲಿಗೆ, ಹಮಾಲರಿಗೆ ಎಲ್ಲರಿಗೂ ಅಲ್ಲಲ್ಲೇ ಸಿಕ್ಕಿತು. ಬುಕಿಂಗ್ ಆಫೀಸಿನವರು ಕಮಿಷನ್ ಮೊದಲೇ ಹಿಡಿದುಕೊಂಡಿದ್ದರು. ಶುಕ್ರವಾರ ಮುಟ್ಟಬೇಕಾದ ಲಾರಿ ಶನಿವಾರ ಮುಟ್ಟಿದರೂ ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಕೇಳಿದೆ. "ಗಾಡಿ ಅಂದಮ್ಯಾಲೆ ಕೆಡತಾವ್ರಿ, ನಾವೇನ್ ಬೇಕಂತ ಕೆಡಿಸೇವೇನು?" ಎಂಬ ಉತ್ತರ ಬಂತು. ಡ್ರೈವರ್ ಪಾಪ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ನನ್ನ ಜಗಳ ಅವನ ಮೇಲಲ್ಲ. ಸ್ಟೆಪ್ನಿ ಇಲ್ಲದ ಗಾಡಿಯನ್ನು 450 ಕಿಲೋಮೀಟರ್ ಕಳಿಸಿದವರ ಮೇಲೆ. ಅವರಿಗೆ ಸ್ಟೆಪ್ನಿ ಯಾಕೆ ಬೇಕು ಹೇಳಿ? ತಡವಾದರೆ ಅವರ ಗಂಟು ಹೋಗುವುದಿಲ್ಲ.

ಗ್ರಾನೈಟೂ ಸೀರೆಯೂ

ಇಳಕಲ್ಲಿನಿಂದ ಮೂರು ತರದ ಮಾಲು ಹೊರಗೆ ಹೋಗುತ್ತದೆ: ಸೀರೆ, ಗ್ರಾನೈಟ್ ಕಲ್ಲು, ಮತ್ತೆ ನಮ್ಮಂಥವರ ಉಳ್ಳಾಗಡ್ಡಿ. ಕಲ್ಲು ಒಂದು ವಾರ ದಾರಿಯಲ್ಲಿ ನಿಂತರೂ ಕಲ್ಲೇ. ಟೋಪ ತೆನಿ ಸೆರಗಿನ ಸೀರೆ ತಿಂಗಳು ಗೋಡೌನಿನಲ್ಲಿದ್ದರೂ ಸೆರಗು ಸೆರಗೇ. ಉಳ್ಳಾಗಡ್ಡಿ ಮಾತ್ರ ಕಿತ್ತ ಮೇಲೂ ಉಸಿರಾಡುವ ವಸ್ತು. ಕಾವು ಬಿಡುತ್ತದೆ, ನೀರು ಬಿಡುತ್ತದೆ. ಅದರಲ್ಲೂ ಮುಂಗಾರಿನ ಗಡ್ಡೆ ಹಿಂಗಾರಿನದರಷ್ಟು ಬಾಳಿಕೆಯದಲ್ಲ. ಸಿಪ್ಪೆ ತೆಳು, ಒಳಗೆ ನೀರು ಹೆಚ್ಚು. ಒಟ್ಟಿದ ಚೀಲಕ್ಕೆ ಗಾಳಿಯಾಡದಿದ್ದರೆ ಎರಡೇ ದಿನದಲ್ಲಿ ಕರಿ ಬೂಷ್ಟು, ಕೊಳೆ.

ವಿಚಿತ್ರ ಏನೆಂದರೆ, ತಡವಾದರೆ ಕೆಡದ ಸೀರೆಗೆ ಕಾಗದ ಪತ್ರ ಇದೆ, ಕೆಡುವ ಉಳ್ಳಾಗಡ್ಡಿಗೆ ಇಲ್ಲ. ಸೀರೆ ಪಾರ್ಸೆಲ್ ಕಳಿಸುವ ಪರಿಚಯದ ಅಂಗಡಿಯವರನ್ನು ಕೇಳಿದೆ. ಬಿಲ್ಟಿ ತೆಗೆದು ತೋರಿಸಿದರು. ಎಷ್ಟು ಪೆಂಡಿ, ಎಷ್ಟು ತೂಕ, ಎಷ್ಟು ಬೆಲೆಯ ಮಾಲು, ಯಾವ ತಾರೀಖು, ಯಾರಿಗೆ ಮುಟ್ಟಬೇಕು, ಎಲ್ಲಾ ಇದೆ. "ನಿಮ್ಮ ಕಡೆ ಬಿಲ್ಟಿ ಇಲ್ಲೇನ್ರಿ?" ಅಂತ ಅವರೇ ಆಶ್ಚರ್ಯಪಟ್ಟರು. ನಮ್ಮ ಕಡೆ ಇರುವುದು ಡ್ರೈವರಿನ ಮೊಬೈಲ್ ನಂಬರು. ಲಕ್ಷದ ಮಾಲು ಕಳಿಸುವಾಗ ನಮ್ಮ ಕೈಯಲ್ಲಿ ಇರುವ ದಾಖಲೆ ಅದೊಂದೇ.

ಬಿಲ್ಟಿ ಎಂಬುದು ವ್ಯಾಪಾರಿಗಳ ಸೌಕರ್ಯಕ್ಕೆ ಹುಟ್ಟಿದ ಪದ್ಧತಿ ಮಾತ್ರ ಅಲ್ಲ. ಅದಕ್ಕೆ ಕಾಯ್ದೆ ಇದೆ. 1865 ರ ಹಳೆಯ ಕಾಯ್ದೆ ತೆಗೆದು, ರಸ್ತೆ ಮೂಲಕ ಸರಕು ಸಾಗಣೆಗೆ 2007 ರಲ್ಲಿ ಹೊಸ ಕಾಯ್ದೆ ಮಾಡಿದರು. 2011 ರಲ್ಲಿ ಜಾರಿಗೆ ಬಂತು. ಬಾಡಿಗೆಗೆ ಎಲ್ಲರ ಮಾಲನ್ನೂ ಸಾಗಿಸುವ ದಂಧೆ ಮಾಡುವವರೆಲ್ಲ ಅದರಲ್ಲಿ ಬರುತ್ತಾರೆ. ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್ ಯಾರೂ ಹೊರಗಿಲ್ಲ. ಕಳಿಸುವವನು ಮಾಲಿನ ವಿವರ, ಬೆಲೆ ಬರೆದು ಕೊಡಬೇಕು, ಸಾಗಿಸುವವನು ರಸೀದಿ ಕೊಡಬೇಕು. ತಡಕ್ಕೂ ಅದರಲ್ಲಿ ಒಂದು ಕಲಮು ಇದೆ. ಇಷ್ಟು ಅವಧಿಯವರೆಗಿನ ತಡ ಎಂದು ಇಬ್ಬರೂ ಒಪ್ಪಿ ಕಾಗದದಲ್ಲಿ ಬರೆದಿದ್ದರೆ, ಆ ತಡದಿಂದ ಮಾಲು ಕೆಟ್ಟಾಗ ಸಾಗಿಸಿದವನು ಬಾಡಿಗೆ ಹಣದ ಮಿತಿಯೊಳಗೆ ಹೊಣೆ. ನನ್ನ ಲೋಡಿಗೆ ಆ ಮಿತಿ 6,650 ಆಗುತ್ತಿತ್ತು, ಸಣ್ಣ ಮೊತ್ತವಲ್ಲ. ಕೋರ್ಟಿಗೆ ಹೋಗುವ ಮೊದಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟೀಸು ಕೊಡಬೇಕು ಎಂದೂ ಇದೆ. ನಾವು ಯಾರೂ ಹತ್ತು ಸಾವಿರಕ್ಕೆ ಕೋರ್ಟು ಹತ್ತುವವರಲ್ಲ, ಅದು ನನಗೂ ಗೊತ್ತು. ಆದರೆ ಸಹಿ ಮಾಡಿದ ಕಾಗದ ಕಿಸೆಯಲ್ಲಿದ್ದರೆ ಬಾಡಿಗೆ ಎಣಿಸಿ ಕೊಡುವ ಹೊತ್ತಿನಲ್ಲಿ ಮಾತಿನ ದನಿಯೇ ಬೇರೆ ಇರುತ್ತದೆ.

ದರದ ಸಂಗತಿಯಲ್ಲೂ ತಡ ಅನ್ನುವುದು ಸಣ್ಣ ಮಾತಲ್ಲ. 2023 ರ ಡಿಸೆಂಬರ್ 7 ರಂದು ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಷೇಧದ ಆದೇಶ ಹೊರಡಿಸಿ ಮರುದಿನದಿಂದಲೇ ಜಾರಿ ಮಾಡಿತು. ಆ ಸಂಜೆ ಲಾರಿ ಹತ್ತಿದ ಮಾಲು ಬೆಳಿಗ್ಗೆ ಬೇರೆಯೇ ಪೇಟೆಯಲ್ಲಿ ಇಳಿಯಿತು. ನಿಷೇಧ ತೆಗೆದದ್ದು 2024 ರ ಮೇ 4 ಕ್ಕೆ, ಅದೂ 40 ಪರ್ಸೆಂಟ್ ಸುಂಕ ಇಟ್ಟು. ಸುಂಕ ಪೂರಾ ಹೋದದ್ದು 2025 ರ ಏಪ್ರಿಲ್ 1 ರಿಂದ. ದಿಲ್ಲಿಯವರು ಯಾವಾಗ ಏನು ಮಾಡುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಲಾರಿ ಹೊರಡುವ ಹೊತ್ತು ಮುಟ್ಟುವ ಹೊತ್ತಾದರೂ ಹಿಡಿತಕ್ಕೆ ಬರಲಿ.

ಎದುರು ಮಾತುಗಳು

ಇದನ್ನು ಹೇಳಿದಾಗ ನಮ್ಮವರೇ ಮೂರು ತಕರಾರು ತೆಗೆದರು. ಸುಗ್ಗಿಯಲ್ಲಿ ಲಾರಿ ಸಿಗುವುದೇ ಕಷ್ಟ, ಚೀಟಿಗೆ ಸಹಿ ಮಾಡು ಅಂದರೆ ಯಾರು ಬರ್ತಾರೆ ಎಂಬುದು ಮೊದಲನೆಯದು. ಒಬ್ಬೊಬ್ಬರೇ ಕೇಳಿದರೆ ಬರುವುದಿಲ್ಲ, ನಿಜ. ಒಂದು ಊರಿನ ಹತ್ತು ಲೋಡು ಒಟ್ಟಿಗೆ ಕೇಳಿದರೆ ಬರುತ್ತಾರೆ, ಲಾರಿಯವರಿಗೂ ಸುಗ್ಗಿಯೇ ದುಡಿಮೆ. ಬಾಡಿಗೆ ಏರುತ್ತದೆ ಎಂಬುದು ಎರಡನೆಯದು. ಏರಲಿ. ಚೀಲಕ್ಕೆ ಐದು ರೂಪಾಯಿ ಏರಿದರೆ ನನ್ನ 70 ಚೀಲಕ್ಕೆ 350. ಹೋದದ್ದು 8,725. ಯಾವುದು ಅಗ್ಗ?

ಮೂರನೆಯ ತಕರಾರು ನನಗೂ ಸ್ವಲ್ಪ ಒಪ್ಪಿಗೆ: "ಅಷ್ಟು ದೂರ ಯಾಕ ಹೋಗಬೇಕು?" ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಹತ್ತಿರ ಇವೆ. ಬೆಂಗಳೂರಿನಲ್ಲಿ ನೂರು ರೂಪಾಯಿ ದರ ಹೆಚ್ಚು ಅಂತ ಕೇಳಿ ಎಲ್ಲರೂ ಒಮ್ಮೆಗೇ ಅತ್ತ ಓಡುತ್ತೇವೆ, ಬಾಡಿಗೆಯ ಅಂತರ ಕಳೆದು ನೋಡುವುದಿಲ್ಲ. ಸಣ್ಣ ಗಡ್ಡೆ, ಜೋಡುಗಡ್ಡೆ, ದಪ್ಪ ಕುತ್ತಿಗೆಯ ಗಡ್ಡೆ ಇವನ್ನಂತೂ ದೂರ ಒಯ್ಯಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗದಗಿನ ಪಟ್ಟಿಯೇ ಅದಕ್ಕೆ ಸಾಕ್ಷಿ. ಹತ್ತಿರದ ಸಂತೆಯಲ್ಲಿ ಸಿಕ್ಕಷ್ಟಕ್ಕೆ ಕೊಟ್ಟರೂ ಬಾಡಿಗೆಯಾದರೂ ಉಳೀತದೆ. ಆದರೆ ಆರಿಸಿದ ಚಲೋ ಮಾಲಿಗೆ ದೂರದ ದೊಡ್ಡ ಪೇಟೆ ಬೇಕೇ ಬೇಕು. ಇಲ್ಲದಿದ್ದರೆ ಹತ್ತಿರದವರು ನಮ್ಮನ್ನು ಹಿಂಡುತ್ತಾರೆ.

ಇನ್ನೊಂದು ಮಾತು ಸರ್ಕಾರಕ್ಕೆ. ಹೆದ್ದಾರಿ ನಾಲ್ಕು ಪಥ ಆಯಿತು, ಸಂತೋಷ. ಆದರೆ ನಮ್ಮ ಲಾರಿ ಮೊದಲು ಹೂತದ್ದು ಹೆದ್ದಾರಿಯಲ್ಲಲ್ಲ, ಹೊಲದಿಂದ ಡಾಂಬರಿಗೆ ಬರುವ ಒಂದೂವರೆ ಕಿಲೋಮೀಟರಿನಲ್ಲಿ. ಉದ್ಯೋಗ ಖಾತರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಎಂದು ಕೆಲವು ಕಡೆ ಇಂಥ ದಾರಿ ಮಾಡಿದ್ದುಂಟು. ಮಾಡಿದಲ್ಲಿ ಮಳೆಗಾಲದಲ್ಲೂ ಟ್ರಾಲಿ ಹೊರಬರುತ್ತದೆ. ಯರಿ ಭೂಮಿಯ ಊರುಗಳಲ್ಲಿ ಗ್ರಾಮಸಭೆಗೆ ಹೋಗಿ ಮೊದಲು ಕೇಳಬೇಕಾದದ್ದು ಇದನ್ನು. ಅದರ ಕೂಡ, ಡಾಂಬರಿನ ಬದಿಗೆ ಒಂದು ತಗಡಿನ ಚಪ್ಪರ. ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಒಂದು ಅಡಿ ಎತ್ತರದ ಕಟ್ಟೆ. ಇಡೀ ಊರಿನ ಮಾಲು ಲಾರಿ ಬರುವ ತನಕ ಅಲ್ಲಿ ಗಾಳಿಗೆ ಇರಬಹುದು. ಸಮುದಾಯ ಭವನಕ್ಕಿಂತ ಕಡಿಮೆ ಖರ್ಚು, ಹೆಚ್ಚು ಉಪಯೋಗ.

2023 ರಿಂದ ನಾವು ಮೂರು ಮನೆಯವರು ಚೀಟಿ ಇಲ್ಲದೆ ಲಾರಿ ತುಂಬಿಲ್ಲ. 2024 ರ ಹಂಗಾಮಿನಲ್ಲಿ ಇನ್ನೂ ನಾಲ್ಕು ಮನೆಯವರು ಕೂಡಿದರು. ಆ ವರ್ಷ ಕೇಳಿದ ಆರು ಲಾರಿಯಲ್ಲಿ ಎರಡು ಸಹಿ ಮಾಡಲು ಒಪ್ಪದೆ ವಾಪಸ್ಸು ಹೋದವು. ನಾಲ್ಕು ಒಪ್ಪಿದವು. ಅದರಲ್ಲಿ ಒಂದು ಒಂಬತ್ತು ತಾಸು ತಡವಾಗಿ ಮುಟ್ಟಿತು. ಮೂರು ತಾಸು ರಿಯಾಯಿತಿ ಬಿಟ್ಟು ಆರು ತಾಸಿಗೆ, ಚೀಲಕ್ಕೆ ತಾಸಿಗೆ ಎರಡು ರೂಪಾಯಿಯಂತೆ, 165 ಚೀಲಕ್ಕೆ 1,980 ರೂಪಾಯಿ ಹಿಡಿದೆವು. ಲಾರಿ ಸಾಹುಕಾರ ಫೋನಿನಲ್ಲಿ ಚಲೋತ್ನಂಗ ಬೈದ. ಚೀಟಿ ಓದಿ ಹೇಳಿದ ಮೇಲೆ ಸುಮ್ಮನಾದ.

ಚೀಟಿ ದೊಡ್ಡ ಕಾನೂನಿನ ಕಾಗದ ಏನಲ್ಲ. ಮೇಲೆ ಲಾರಿ ನಂಬರು, ಸಾಹುಕಾರನ ಮತ್ತು ಬುಕಿಂಗ್ ಆಫೀಸಿನ ಹೆಸರು ಫೋನು. ಕೆಳಗೆ ಯಾರ ಮಾಲು ಎಷ್ಟು ಚೀಲ, ತೂಕ, ಅಂದಾಜು ಬೆಲೆ. ತುಂಬಲು ಬರಬೇಕಾದ ಹೊತ್ತು, ಬಂದ ಹೊತ್ತು, ಹೊರಟ ಹೊತ್ತು, ಮುಟ್ಟಬೇಕಾದ ಹೊತ್ತು. ಸ್ಟೆಪ್ನಿ ಮತ್ತು ತಾಡಪತ್ರಿ ನೋಡಿದ್ದೇವೆ ಎಂಬುದಕ್ಕೆ ಒಂದು ಗೆರೆ. ಬಾಡಿಗೆ ಎಷ್ಟು, ಮೊದಲು ಕೊಟ್ಟದ್ದೆಷ್ಟು, ಇಳಿಸಿದ ಮೇಲೆ ಎಷ್ಟು. ಮೂರು ತಾಸು ಮೀರಿದ ತಡಕ್ಕೆ ತಾಸಿಗೆ ಎಷ್ಟು ಕಡಿತ, ಹೆಚ್ಚೆಂದರೆ ಎಷ್ಟು. ನಾವು ಅರ್ಧ ಬಾಡಿಗೆ ಎಂದು ಇಟ್ಟುಕೊಂಡಿದ್ದೇವೆ. ನಮ್ಮ ಕಡೆಯಿಂದ ತುಂಬಲು ತಡವಾದರೆ ಲಾರಿಯವರಿಗೆ ಅದೇ ದರದಲ್ಲಿ ನಾವು ಕೊಡುವುದು ಎಂದೂ ಬರೆದಿದ್ದೇವೆ, ಅದಿಲ್ಲದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಕೊನೆಗೆ ಡ್ರೈವರ್ ಸಹಿ, ನಮ್ಮ ಸಹಿ. ಕಾರ್ಬನ್ ಹಾಕಿ ಎರಡು ಪ್ರತಿ ಬರೆಯುವುದು. ಒಂದು ಡ್ರೈವರಿಗೆ, ಒಂದು ಮಾಲಿನ ಜೊತೆ ಹೋಗುವ ನಮ್ಮವರ ಕಿಸೆಗೆ.